ಸಿಕ್ಕಿಲ್ಲ ಅಂದ್ರೆ ಇಲ್ಲ ಅಂತಲ್ಲ ಸ್ವಾಮೀ...

“ಡೋಪಿಂಗಾ? ಅದು ಸೈಕಲ್ ತುಳಿಯೋರ ರೋಗ, ವೇಯ್ಟ್ ಎತ್ತೋರ ರೋಗ. ಫುಟ್‌ಬಾಲು ಸ್ಕಿಲ್ ಆಟ ಗುರೂ. ಸೂಜಿ ಚುಚ್ಚಿಸ್ಕೊಂಡ್ರೆ ಫ್ರೀ ಕಿಕ್ ಹೊಡೆಯೋಕೆ ಬರುತ್ತಾ?”

ಈ ಮಾತನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಇಂಜಿನಿಯರಿಂಗ್ ಹಾಸ್ಟೆಲಿನ ಟೀವಿ ರೂಮಿನಲ್ಲಿ ಕೇಳಿದ್ದೀನಿ, ಆಫೀಸಿನ ಕಾಫಿ ಮಷೀನಿನ ಮುಂದೆ ಕೇಳಿದ್ದೀನಿ. ಹೇಳೋರು ಕೆಟ್ಟವರಲ್ಲ, ಆಟದ ಮೇಲೆ ಪ್ರೀತಿ ಇರೋರು. ಆ ಪ್ರೀತಿ ನನಗೂ ಇದೆ, ರಾತ್ರಿ ಒಂದೂವರೆಗೆ ಅಲಾರಂ ಇಟ್ಟು ಎದ್ದು ಮ್ಯಾಚ್ ನೋಡಿ ಬೆಳಗ್ಗೆ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ತೂಕಡಿಸೋ ಜಾತಿಯವನೇ ನಾನು. ಅದಕ್ಕೇ ಈ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತೆ. ಇವತ್ತು ಬರೆದೇ ಬಿಡೋಣ ಅಂತ ಕೂತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಬನ್ನಿ.

ಮೊದಲು ಆ ಫ್ರೀ ಕಿಕ್ ವಿಷಯ ಮುಗಿಸಿಬಿಡ್ತೀನಿ. ಸೂಜಿಯಿಂದ ಫ್ರೀ ಕಿಕ್ ಬರೋಲ್ಲ, ಖಂಡಿತ ನಿಜ. ನನಗೆ ಕೊಡಗಟ್ಟಲೆ ಕೊಟ್ಟರೂ ಬರೋಲ್ಲ :) ಆದರೆ ಈಗಿನ ಮಿಡ್‌ಫೀಲ್ಡರ್ ಒಬ್ಬ ತೊಂಬತ್ತು ನಿಮಿಷದಲ್ಲಿ ಹತ್ತರಿಂದ ಹನ್ನೆರಡು ಕಿಲೋಮೀಟರ್ ಓಡ್ತಾನೆ. ನಡುನಡುವೆ ಜೀವ ಬಿಟ್ಟು ಓಡುವ ಸ್ಪ್ರಿಂಟುಗಳು ಬೇರೆ. ಬುಧವಾರ ಒಂದು ಮ್ಯಾಚು, ಶನಿವಾರ ಇನ್ನೊಂದು, ವರ್ಷಕ್ಕೆ ಐವತ್ತು ಅರವತ್ತು. ಇಪಿಒ ಅನ್ನೋದು ನಮ್ಮ ಮೂತ್ರಪಿಂಡವೇ ತಯಾರಿಸುವ ಹಾರ್ಮೋನು, ಮೂಳೆ ಮಜ್ಜೆಗೆ ಇನ್ನಷ್ಟು ಕೆಂಪು ರಕ್ತಕಣ ಮಾಡು ಅಂತ ಹೇಳೋದು ಅದರ ಕೆಲಸ. ಅದನ್ನೇ ಹೊರಗಿಂದ ಚುಚ್ಚಿದರೆ ರಕ್ತ ಹೆಚ್ಚು ಆಮ್ಲಜನಕ ಹೊರುತ್ತೆ, ಸುಸ್ತು ತಡವಾಗಿ ಬರುತ್ತೆ. ಸ್ಟಿರಾಯ್ಡು ಕೊಟ್ಟರೆ ಬುಧವಾರದ ದಣಿವು ಶನಿವಾರದೊಳಗೆ ಇಳಿಯುತ್ತೆ. ಕಲೆ ಇಲ್ಲದವನಿಗೆ ಕಲೆ ಕೊಡೋದು ಔಷಧದ ಕೆಲಸವೇ ಅಲ್ಲ. ಕಲೆ ಇರುವವನ ಕಾಲು 85ನೇ ನಿಮಿಷದಲ್ಲೂ ಅವನ ಮಾತು ಕೇಳೋ ಹಾಗೆ ಮಾಡೋದು ಅದರ ಕೆಲಸ. ಕೊನೇ ಹತ್ತು ನಿಮಿಷದಲ್ಲಿ ಎಷ್ಟು ಗೋಲು ಬೀಳುತ್ತೆ ಅಂತ ಆಟ ನೋಡೋರಿಗೆ ನಾನು ಹೇಳಬೇಕಾ?

ಎರಡನೇ ವಾದ ಇನ್ನೂ ಜೋರಾಗಿರುತ್ತೆ. “ಅಷ್ಟೊಂದು ಟೆಸ್ಟ್ ಮಾಡ್ತಾರೆ, ಯಾರೂ ಸಿಗೋದೇ ಇಲ್ವಲ್ಲ!”

ಇದಕ್ಕೆ ನನ್ನ ಹೊಟ್ಟೆಪಾಡಿನ ಭಾಷೆಯಲ್ಲೇ ಉತ್ತರ ಕೊಡ್ತೀನಿ, ನಮ್ಮಲ್ಲಿ ಅರ್ಧ ಜನ ಸಾಫ್ಟ್‌ವೇರಿನವರೇ ತಾನೇ. ಟೆಸ್ಟ್ ರಿಪೋರ್ಟ್ ಪೂರ್ತಿ ಹಸಿರು ಬಂದಿದೆ ಅಂದ್ರೆ ಎರಡು ಅರ್ಥ. ಒಂದು, ಕೋಡಿನಲ್ಲಿ ಬಗ್ ಇಲ್ಲ. ಇನ್ನೊಂದು, ಬಗ್ ಇರೋ ಜಾಗಕ್ಕೆ ಯಾರೂ ಟೆಸ್ಟ್ ಕೇಸ್ ಬರೆದಿಲ್ಲ. ಯಾವುದು ನಿಜ ಅಂತ ಹೇಳೋಕೆ ರಿಪೋರ್ಟಿನ ಬಣ್ಣ ನೋಡಿದರೆ ಸಾಲದು, ಏನನ್ನು, ಯಾವಾಗ, ಹೇಗೆ ಟೆಸ್ಟ್ ಮಾಡಿದ್ರು ಅಂತ ನೋಡಬೇಕು.

ನೋಡೋಣ ಬನ್ನಿ. ವಾಡಾದ ವರ್ಷವರ್ಷದ ಲೆಕ್ಕದಲ್ಲಿ ಅತಿ ಹೆಚ್ಚು ಸ್ಯಾಂಪಲ್ ಕೊಡೋ ಆಟಗಳ ಸಾಲಿನಲ್ಲಿ ಫುಟ್‌ಬಾಲ್ ಮೇಲೇ ಇರುತ್ತೆ, ಅದು ಸತ್ಯ. ಆದರೆ ಜಗತ್ತಿನಲ್ಲಿ ಅಷ್ಟೊಂದು ವೃತ್ತಿಪರ ಆಟಗಾರರಿರೋ ಇನ್ನೊಂದು ಆಟವೂ ಇಲ್ಲ, ಹಂಚಿದರೆ ತಲೆಗೆ ಬರೋದು ಎಷ್ಟು? ಪದ್ಧತಿ ಏನಪ್ಪಾ ಅಂದ್ರೆ, ಮ್ಯಾಚ್ ಮುಗಿದ ಮೇಲೆ ಸಾಮಾನ್ಯವಾಗಿ ಒಂದೊಂದು ತಂಡದಿಂದ ಇಬ್ಬರ ಹೆಸರು ಚೀಟಿ ಎತ್ತಿ ಮೂತ್ರ ತಗೋಳ್ತಾರೆ. ಇಪಿಒವನ್ನು ಸಣ್ಣ ಸಣ್ಣ ಡೋಸಿನಲ್ಲಿ ತಗೊಂಡವನ ಮೂತ್ರದಲ್ಲಿ ಅದು ಒಂದೆರಡು ದಿನದ ಮೇಲೆ ಕಾಣೋದೇ ಕಷ್ಟ. ಇನ್ನು ತನ್ನದೇ ರಕ್ತ ತೆಗೆಸಿಟ್ಟು ಆಮೇಲೆ ವಾಪಸ್ ಏರಿಸಿಕೊಂಡವನನ್ನು ಹಿಡಿಯೋ ನೇರ ಪರೀಕ್ಷೆ ಬಳಕೆಯಲ್ಲೇ ಇಲ್ಲ. ಅದಕ್ಕೆ ಇರೋ ದಾರಿ ಅಂದ್ರೆ ಬಯಲಾಜಿಕಲ್ ಪಾಸ್‌ಪೋರ್ಟ್. ಅಂದ್ರೆ ವರ್ಷಗಟ್ಟಲೆ ನಿಮ್ಮ ರಕ್ತದ ಅಂಕಿ ಬರೆದಿಟ್ಟು, ಇವತ್ತಿನ ರಕ್ತವನ್ನ ನಿಮ್ಮದೇ ಹಳೇ ರಕ್ತದ ಜೊತೆ ಡಿಫ್ ತೆಗೆದು ನೋಡೋದು. ಸೈಕಲ್ಲಿನವರು ಇದನ್ನ 2008ರಲ್ಲೇ ಶುರು ಮಾಡಿದ್ರು. ಫುಟ್‌ಬಾಲಿನ ವಿಶ್ವಕಪ್ಪಿಗೆ ಬರೋಕೆ 2014 ಆಯ್ತು. ಆ ವಿಶ್ವಕಪ್ಪು ನಡೆದದ್ದು ಬ್ರೆಜಿಲ್ಲಿನಲ್ಲಿ, ಸ್ಯಾಂಪಲ್ಲುಗಳು ವಿಮಾನ ಹತ್ತಿ ಸ್ವಿಟ್ಜರ್ಲೆಂಡಿನ ಲೊಸಾನ್‌ಗೆ ಹೋಗಬೇಕಾಯ್ತು. ಯಾಕೆ ಗೊತ್ತಾ? ರಿಯೋದ ಲ್ಯಾಬಿನ ಮಾನ್ಯತೆಯನ್ನು ಅದರ ಹಿಂದಿನ ವರ್ಷವೇ ವಾಡಾ ಕಿತ್ತುಕೊಂಡಿತ್ತು!

“ನನ್ನ ಒಂದು ಟೆಸ್ಟೂ ಪಾಸಿಟಿವ್ ಬಂದಿಲ್ಲ” ಅನ್ನೋ ಅರ್ಥದ ಮಾತನ್ನ ವರ್ಷಗಟ್ಟಲೆ ಮಂತ್ರದ ಹಾಗೆ ಹೇಳ್ತಿದ್ದವರು ಯಾರು, ನೆನಪಿದೆಯಾ? ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. ಏಳು ಟೂರ್ ಡಿ ಫ್ರಾನ್ಸ್ 2012ರಲ್ಲಿ ವಾಪಸ್ ಹೋಯ್ತು. ಹಿಡಿದದ್ದು ಬಾಟಲಿಯಲ್ಲಿದ್ದ ಮೂತ್ರ ಅಲ್ಲ, ಜೊತೆಯಲ್ಲಿ ಸೈಕಲ್ ತುಳಿದವರ ಸಾಕ್ಷಿ.

ಈಗ ಫುಟ್‌ಬಾಲಿಗೇ ಬರೋಣ. 1998ರ ಬೇಸಿಗೆ, ಇಟಲಿ. ರೋಮಾ ತಂಡದ ಕೋಚ್ ಝ್ಡೆನೆಕ್ ಝೆಮಾನ್ ಒಂದು ಸಂದರ್ಶನದಲ್ಲಿ, ಫುಟ್‌ಬಾಲ್ ಔಷಧಿ ಅಂಗಡಿಗಳಿಂದ ಆಚೆ ಬರಬೇಕು ಅಂತ ಹೇಳಿದರು. ಎಲ್ಲರೂ ಅವರ ಮೇಲೇ ಹರಿಹಾಯ್ದರು. ಆದರೆ ಟ್ಯೂರಿನ್ನಿನ ಪ್ರಾಸಿಕ್ಯೂಟರ್ ರಫೇಲೆ ಗ್ವಾರಿನಿಯೆಲ್ಲೊ ಸುಮ್ಮನೆ ಕೂರಲಿಲ್ಲ, ಯುವೆಂಟಸ್ ಕ್ಲಬ್ಬಿನ ಔಷಧಿ ಕಪಾಟು ತೆಗೆಸಿದರು. 281 ಬಗೆಯ ಔಷಧ! ನಮ್ಮ ಕಡೆ ಎಷ್ಟೋ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಷ್ಟು ಇರಲಿಕ್ಕಿಲ್ಲ. ಅದರಲ್ಲಿ ಬಹುಪಾಲು ನಿಷೇಧಿತ ಔಷಧ ಅಲ್ಲ, ಅದನ್ನೂ ಹೇಳಿಬಿಡ್ತೀನಿ. ಆದರೆ ಯೂರೋಪಿನಲ್ಲೇ ಗಟ್ಟಿಮುಟ್ಟಾದ ಇಪ್ಪತ್ತೈದು ಗಂಡಸರಿಗೆ ಇಷ್ಟೆಲ್ಲ ಔಷಧ ಯಾವ ಕಾಯಿಲೆಗೆ?

ಕೇಸು ನಡೀತು. 2004ರ ನವೆಂಬರಿನಲ್ಲಿ ಕ್ಲಬ್ಬಿನ ಡಾಕ್ಟರು ರಿಕಾರ್ಡೊ ಅಗ್ರಿಕೋಲಾ ಅವರಿಗೆ 22 ತಿಂಗಳ ಶಿಕ್ಷೆ ಆಯ್ತು, ಜೈಲಿಗೆ ಹೋಗಬೇಕಿಲ್ಲದ ಅಮಾನತು ಶಿಕ್ಷೆ. 2005ರ ಡಿಸೆಂಬರಿನಲ್ಲಿ ಮೇಲಿನ ಕೋರ್ಟು ಖುಲಾಸೆ ಮಾಡಿತು. 2007ರಲ್ಲಿ ಇಟಲಿಯ ಅತ್ಯುನ್ನತ ಕೋರ್ಟು, ಇಪಿಒ ಆರೋಪದ ಖುಲಾಸೆ ಸರಿ ಇದೆ ಅಂತು. ಉಳಿದ ಔಷಧಗಳ ವಿಷಯ? ಅದನ್ನ ಮತ್ತೆ ವಿಚಾರಣೆ ಮಾಡಬಹುದಿತ್ತು, ಆದರೆ ಅಷ್ಟರಲ್ಲಿ ಕಾಲಮಿತಿ ಮುಗಿದಿತ್ತು. ಹಾಗಾಗಿ ಯಾರೂ ಅಪರಾಧಿಗಳಲ್ಲ. ಕಾನೂನಿನ ಪ್ರಕಾರ ಅದೇ ಸರಿ, ನಾನೂ ಒಪ್ತೀನಿ.

ಆದರೆ ಅದೇ 1998ರಲ್ಲಿ ಬಯಲಾದ ಇನ್ನೊಂದು ವಿಷಯ ಕೇಳಿ, ನನಗೆ ಯುವೆಂಟಸ್ ಕೇಸಿಗಿಂತ ಇದೇ ದೊಡ್ಡದು ಅನ್ನಿಸೋದು. ರೋಮಿನ ಅಕ್ವಾ ಅಚೆಟೋಸಾದಲ್ಲಿ ಒಂದು ಲ್ಯಾಬು, ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ ಇದ್ದದ್ದು. ಇಟಲಿಯ ಫುಟ್‌ಬಾಲ್ ಆಟಗಾರರ ಮೂತ್ರ ಪರೀಕ್ಷೆಗೆ ಹೋಗ್ತಿದ್ದದ್ದು ಅಲ್ಲಿಗೇ. ಆ ಲ್ಯಾಬು ಫುಟ್‌ಬಾಲಿನವರ ಸ್ಯಾಂಪಲ್ಲಿನಲ್ಲಿ ಅನಬಾಲಿಕ್ ಸ್ಟಿರಾಯ್ಡ್ ಇದೆಯಾ ಅಂತ ನೋಡ್ತಾನೇ ಇರಲಿಲ್ಲ! ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದು. ಲ್ಯಾಬಿನ ಮಾನ್ಯತೆ ಹೋಯ್ತು, ಇಟಲಿಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಅಲ್ಲೀವರೆಗೆ ಇಟಲಿಯ ಪ್ರತಿಯೊಬ್ಬ ಆಟಗಾರ “ನಾನು ಟೆಸ್ಟ್ ಪಾಸಾಗಿದ್ದೀನಿ” ಅಂತ ಎದೆ ತಟ್ಟಿ ಹೇಳಬಹುದಿತ್ತು, ಅದರಲ್ಲಿ ಸುಳ್ಳೂ ಇರಲಿಲ್ಲ. ಪ್ರಶ್ನೆಯನ್ನೇ ಕೇಳದ ಪರೀಕ್ಷೆಯಲ್ಲಿ ಫೇಲಾಗೋದು ಹೇಗೆ?

ಸರಿ, ಇನ್ನು ಸ್ಪೇನ್. ಈ ಕಥೆ ಓದಿದಾಗಲೆಲ್ಲ ನನಗೆ ನಗಬೇಕೋ ಅಳಬೇಕೋ ತಿಳಿಯೋಲ್ಲ.

2006ರ ಮೇ ತಿಂಗಳಲ್ಲಿ ಮ್ಯಾಡ್ರಿಡ್‌ನಲ್ಲಿ ಪೊಲೀಸರು ಯುಫೆಮಿಯಾನೊ ಫ್ವೆಂಟೆಸ್ ಅನ್ನೋ ಡಾಕ್ಟರನ್ನ ಹಿಡಿದರು. ದಾಳಿಯಲ್ಲಿ ಸಿಕ್ಕಿದ್ದು ಫ್ರಿಜ್ಜಿನಲ್ಲಿ ಜೋಡಿಸಿಟ್ಟ ಇನ್ನೂರಕ್ಕೂ ಹೆಚ್ಚು ರಕ್ತದ ಚೀಲಗಳು. ಮೇಲೆ ಸಂಕೇತದ ಹೆಸರುಗಳು. ಇಬ್ಬರು ಸೈಕಲ್ ಸ್ಟಾರುಗಳ ಗುರುತು ಸಿಕ್ಕಿದ್ದು ಅವರ ಸಾಕುನಾಯಿಗಳ ಹೆಸರಿನಿಂದ ಅಂದ್ರೆ ನಂಬ್ತೀರಾ? ಇಟಲಿಯ ಬಾಸ್ಸೊ ಅವರದು ‘ಬಿರಿಲ್ಲೊ’, ಸ್ಪೇನಿನ ವಾಲ್ವರ್ಡೆ ಅವರದು ‘ಪಿಟಿ’. ಆ ವರ್ಷದ ಟೂರ್ ಡಿ ಫ್ರಾನ್ಸ್ ಶುರುವಾಗೋ ಹಿಂದಿನ ದಿನವೇ ದೊಡ್ಡ ದೊಡ್ಡ ತಲೆಗಳು ಮನೆಗೆ ಹೋದವು. ಜಗತ್ತೆಲ್ಲ ಹೇಳಿತು, ನೋಡಿ ಈ ಸೈಕಲ್ಲಿನವರು ಎಂಥ ಕಳ್ಳರು!

ಆದರೆ ಫ್ವೆಂಟೆಸ್ ಸೈಕಲ್ಲಿನವರ ಡಾಕ್ಟರು ಮಾತ್ರ ಆಗಿರಲಿಲ್ಲ. ಇದು ನನ್ನ ಊಹೆ ಅಲ್ಲ. ಆಗ ಸ್ಪೇನಿನಲ್ಲಿ ಡೋಪಿಂಗ್ ಅಪರಾಧವೇ ಅಲ್ಲದ್ದರಿಂದ ಅವರ ಮೇಲೆ ಹಾಕಿದ್ದು ಸಾರ್ವಜನಿಕ ಆರೋಗ್ಯಕ್ಕೆ ಅಪಾಯ ತಂದ ಕೇಸು, ಅದು ವಿಚಾರಣೆಗೆ ಬಂದದ್ದು 2013ರಲ್ಲಿ. ಅಲ್ಲಿ ಅವರೇ ನ್ಯಾಯಾಧೀಶರ ಮುಂದೆ ಹೇಳಿದರು, ನನ್ನ ಗಿರಾಕಿಗಳಲ್ಲಿ ಸೈಕಲ್ಲಿನವರು, ಅಥ್ಲೀಟುಗಳು, ಟೆನಿಸಿನವರು, ಬಾಕ್ಸಿಂಗಿನವರು, ಫುಟ್‌ಬಾಲಿನವರು ಎಲ್ಲ ಇದ್ದಾರೆ ಅಂತ. ಬೇಕಾದ್ರೆ ಹೆಸರು ಹೇಳ್ತೀನಿ ಅಂತಲೂ ಅಂದರು. ನ್ಯಾಯಾಧೀಶರು ಬೇಡ ಅಂದರು! ಈ ಕೇಸಿಗೆ ಅದು ಸಂಬಂಧ ಇಲ್ಲ ಅಂತ. ಅಷ್ಟೇ ಅಲ್ಲ, 2013ರ ಏಪ್ರಿಲ್‌ನಲ್ಲಿ ತೀರ್ಪು ಕೊಡುವಾಗ ಆ ರಕ್ತದ ಚೀಲಗಳನ್ನ ನಾಶ ಮಾಡಿ ಅಂತಲೂ ಆದೇಶ ಆಯ್ತು. ಖಾಸಗಿತನ ಕಾಪಾಡಬೇಕಲ್ಲ.

ವಾಡಾ ಮತ್ತಿತರರು ಅಪೀಲು ಹೋದರು. 2016ರ ಜೂನ್‌ನಲ್ಲಿ ಮೇಲಿನ ಕೋರ್ಟು ಫ್ವೆಂಟೆಸ್ ಅವರನ್ನ ಖುಲಾಸೆ ಮಾಡಿತು, ಜೊತೆಗೆ ಚೀಲಗಳನ್ನ ಡೋಪಿಂಗ್ ವಿರೋಧಿ ಸಂಸ್ಥೆಗಳಿಗೆ ಕೊಡಿ ಅಂತಲೂ ಹೇಳಿತು. ಈಗ ಒಂದು ಸಣ್ಣ ಲೆಕ್ಕ ಮಾಡಿ. ಡೋಪಿಂಗ್ ಕೇಸು ಹಾಕೋಕೆ ಹಳೇ ನಿಯಮದಲ್ಲಿ ಎಂಟು ವರ್ಷ ಕಾಲಾವಕಾಶ, 2015ರಿಂದ ಬಂದ ಹೊಸ ನಿಯಮದಲ್ಲಿ ಹತ್ತು ವರ್ಷ. ಚೀಲ ಸಿಕ್ಕಿದ್ದು ಮೇ 2006. ಕೋರ್ಟು ಕೊಡಿ ಅಂದದ್ದು ಜೂನ್ 2016. ಹತ್ತು ವರ್ಷ ತುಂಬಿ ಕೆಲವೇ ವಾರ! ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ. ಆ ಚೀಲಗಳ ಮೇಲಿನ ಉಳಿದ ಹೆಸರುಗಳು ಹೊರಗೆ ಬರಲೇ ಇಲ್ಲ.

ನಡುವೆ 2006ರ ಡಿಸೆಂಬರಿನಲ್ಲಿ ಫ್ರಾನ್ಸಿನ ‘ಲ ಮೊಂದ್’ ಪತ್ರಿಕೆ ಫ್ವೆಂಟೆಸ್‌ಗೂ ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್ ಕ್ಲಬ್ಬುಗಳಿಗೂ ನಂಟು ಹಚ್ಚಿ ಬರೆಯಿತು. ಎರಡೂ ಕ್ಲಬ್ಬುಗಳು ಖಡಾಖಂಡಿತ ನಿರಾಕರಿಸಿದವು, ಮಾನನಷ್ಟ ಕೇಸು ಹಾಕಿ ಸ್ಪೇನಿನ ಕೋರ್ಟುಗಳಲ್ಲಿ ಗೆದ್ದವು. ಪತ್ರಿಕೆ ಬರೆದದ್ದು ಸರಿ ಅಂತ ನಾನು ಹೇಳ್ತಿಲ್ಲ, ಕೋರ್ಟು ಅದನ್ನ ಮಾನಹಾನಿ ಅಂತು, ಅಲ್ಲಿಗೆ ಆ ವರದಿ ಮುಗೀತು. ಆದರೆ ರಿಯಲ್ ಮ್ಯಾಡ್ರಿಡ್ಡಿಗೆ ಕೊಡಿ ಅಂದ ಪರಿಹಾರ ಎಷ್ಟು? 3 ಲಕ್ಷ ಯೂರೋ. ಆ ದುಡ್ಡಿನ ವಸೂಲಿ ಜಗಳ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೂ ಹೋಗಿ, ಪತ್ರಿಕಾ ಸ್ವಾತಂತ್ರ್ಯಕ್ಕೆ ಎದ್ದು ಕಾಣೋ ಹಾಗೆ ಧಕ್ಕೆ ಆಗೋದಾದರೆ ಇಂಥ ತೀರ್ಪನ್ನ ಫ್ರಾನ್ಸು ಜಾರಿ ಮಾಡಬಾರದು ಅಂತ 2024ರ ಅಕ್ಟೋಬರಿನಲ್ಲಿ ಹೇಳಿಸಿಕೊಂಡಿತು. ಹದಿನೆಂಟು ವರ್ಷ! ಇದನ್ನ ನೋಡಿದ ಯಾವ ಸಣ್ಣ ಪತ್ರಿಕೆ ಇನ್ನು ಫುಟ್‌ಬಾಲ್ ಕ್ಲಬ್ಬಿನ ಔಷಧಿ ಕಪಾಟಿಗೆ ಕೈ ಹಾಕುತ್ತೆ ಹೇಳಿ.

ಒಳಗಿನವರು ಬಾಯಿ ಬಿಟ್ಟರೂ ಅದೇ ಗತಿ. ಜರ್ಮನಿಯ ಗೋಲ್‌ಕೀಪರ್, ಕ್ಯಾಪ್ಟನ್ ಹರಾಲ್ಡ್ ಶುಮಾಕರ್ 1987ರಲ್ಲಿ ತಮ್ಮ ಆತ್ಮಕಥೆಯಲ್ಲಿ ಜರ್ಮನ್ ಫುಟ್‌ಬಾಲಿನ ಡೋಪಿಂಗ್ ಬಗ್ಗೆ ಬರೆದರು. ರಾಷ್ಟ್ರೀಯ ತಂಡದಿಂದಲೂ ಹೊರಗೆ, ಕ್ಲಬ್ಬಿನಿಂದಲೂ ಹೊರಗೆ. ಇಪ್ಪತ್ತೆಂಟು ವರ್ಷ ಆದಮೇಲೆ, 2015ರಲ್ಲಿ, ಫ್ರೈಬರ್ಗ್ ವಿಶ್ವವಿದ್ಯಾಲಯದ ಕ್ರೀಡಾ ವೈದ್ಯಕೀಯ ವಿಭಾಗದ ಬಗ್ಗೆ ತನಿಖೆ ಮಾಡಿದ ಸಮಿತಿಯಿಂದ ಬಂದ ಸುದ್ದಿ ಏನು? ಎಪ್ಪತ್ತರ ದಶಕದ ಕೊನೆ, ಎಂಬತ್ತರ ಶುರುವಿನಲ್ಲಿ ಸ್ಟುಟ್‌ಗಾರ್ಟ್ ಮತ್ತು ಫ್ರೈಬರ್ಗ್ ಕ್ಲಬ್ಬುಗಳಲ್ಲಿ ಅನಬಾಲಿಕ್ ಸ್ಟಿರಾಯ್ಡ್ ಬಳಕೆಗೆ ದಾಖಲೆ ಇದೆ ಅಂತ. ಶುಮಾಕರ್ ಬರೆದ ಒಂದೊಂದು ಸಾಲೂ ಇದರಿಂದ ನಿಜ ಆಗೋಲ್ಲ. ಆದರೆ ಹೇಳಿದವನ ಕೆಲಸ ಹೋಯ್ತು, ಚುಚ್ಚಿದವರ ಕೆಲಸ ಹೋಗಲಿಲ್ಲ.

ಇನ್ನು ನಿಯಮಗಳ ಚಂದ ನೋಡಿ. 2015ರ ಸೆಪ್ಟೆಂಬರಿನಲ್ಲಿ ಚಾಂಪಿಯನ್ಸ್ ಲೀಗಿನಲ್ಲಿ ಡೈನಮೊ ಝಾಗ್ರೆಬ್ ತಂಡ ಆರ್ಸೆನಲ್ಲನ್ನ 2-1ರಲ್ಲಿ ಸೋಲಿಸಿತು. ಮ್ಯಾಚ್ ಆದಮೇಲೆ ಝಾಗ್ರೆಬ್‌ನ ಅರಿಯಾನ್ ಅದೆಮಿ ಕೊಟ್ಟ ಸ್ಯಾಂಪಲ್ಲಿನಲ್ಲಿ ಸಿಕ್ಕಿದ್ದು ಸ್ಟಾನೊಝೊಲೊಲ್. ಹೌದು, 1988ರಲ್ಲಿ ಬೆನ್ ಜಾನ್ಸನ್ ಸಿಕ್ಕಿಬಿದ್ದರಲ್ಲ, ಅದೇ ಮಾಲು. ಆಟಗಾರನಿಗೆ ನಾಲ್ಕು ವರ್ಷ ನಿಷೇಧ ಆಯ್ತು, ಆಮೇಲೆ ಅಪೀಲಿನಲ್ಲಿ ಎರಡು ವರ್ಷಕ್ಕೆ ಇಳೀತು. ಆದರೆ ಆ 2-1? ಹಾಗೇ ಉಳೀತು! ಯಾಕಂದ್ರೆ ಒಂದು ತಂಡದಲ್ಲಿ ಇಬ್ಬರಿಗಿಂತ ಹೆಚ್ಚು ಜನ ಸಿಕ್ಕಿಬಿದ್ದರೆ ಮಾತ್ರ ತಂಡಕ್ಕೆ ಶಿಕ್ಷೆ ಅಂತ ನಿಯಮ. ನಾನು ಮೇಲೆ ಹೇಳಿದ್ದು ನೆನಪಿದೆಯಾ, ಮ್ಯಾಚಿಗೆ ತಂಡದಿಂದ ಟೆಸ್ಟ್ ಮಾಡೋದೇ ಇಬ್ಬರನ್ನ. ಇಬ್ಬರನ್ನ ನೋಡಿ ಮೂವರು ಸಿಕ್ಕರೆ ಶಿಕ್ಷೆ! ಕೋಡ್ ರಿವ್ಯೂನಲ್ಲಿ ಇಂಥ ಇಫ್ ಕಂಡೀಷನ್ ಬರೆದುಕೊಂಡು ಬಂದರೆ ನಮ್ಮ ಟೀಮ್ ಲೀಡು ಕುರ್ಚಿ ಎತ್ತಿ ಹೊಡೀತಾರೆ. (ಟೂರ್ನಿಯ ಉದ್ದಕ್ಕೂ ಸೇರಿಸಿ ಎಣಿಸಬಹುದು ಅಂತ ಬುದ್ಧಿವಂತರು ಹೇಳಬಹುದು. ಎಣಿಸಿ, ಯಾರು ಬೇಡ ಅಂದ್ರು.) ಆರ್ಸೆನಲ್ ಕೋಚ್ ಆರ್ಸೆನ್ ವೆಂಗರ್ ಅವತ್ತು ಸಿಟ್ಟಾಗಿದ್ದರಲ್ಲಿ ತಪ್ಪೇನಿಲ್ಲ. ಅವರು 2004ರಿಂದಲೂ ಹೇಳ್ತಾ ಬಂದವರು. ಬೇರೆ ಕ್ಲಬ್ಬುಗಳಿಂದ ನಮ್ಮಲ್ಲಿಗೆ ಬರೋ ಕೆಲವರ ಕೆಂಪು ರಕ್ತಕಣದ ಎಣಿಕೆ ಅಸಹಜವಾಗಿ ಹೆಚ್ಚಿರುತ್ತೆ ಅಂದವರು. ವಿಶ್ವಕಪ್ಪಿಗೆ ಬರೋ 700ಕ್ಕೂ ಹೆಚ್ಚು ಆಟಗಾರರಲ್ಲಿ ಒಬ್ಬರೂ ಸಿಗೋಲ್ಲ ಅಂದ್ರೆ ನಂಬೋದು ಕಷ್ಟ ಅಂತ 2013ರಲ್ಲಿ ಹೇಳಿದವರು.

ಪೂರ್ತಿ ತಂಡವನ್ನ ನೋಡಿದರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2011ರ ಮಹಿಳಾ ವಿಶ್ವಕಪ್ಪು, ಜರ್ಮನಿ. ಉತ್ತರ ಕೊರಿಯಾದ ಇಬ್ಬರು ಆಟಗಾರ್ತಿಯರು ಸ್ಟಿರಾಯ್ಡಿಗೆ ಸಿಕ್ಕಿಬಿದ್ದರು. ಇಡೀ ತಂಡವನ್ನ ಟೆಸ್ಟ್ ಮಾಡಿದರು, ಇನ್ನೂ ಮೂವರು ಸಿಕ್ಕರು. ಕೊರಿಯಾದವರು ಕೊಟ್ಟ ಕಾರಣ ಏನು ಗೊತ್ತಾ? ತರಬೇತಿಯ ವೇಳೆ ಹುಡುಗಿಯರಿಗೆ ಸಿಡಿಲು ಬಡಿದಿತ್ತು, ಅದಕ್ಕೆ ಕಸ್ತೂರಿ ಮೃಗದ ಗ್ರಂಥಿಯಿಂದ ಮಾಡಿದ ಸಾಂಪ್ರದಾಯಿಕ ಔಷಧ ಕೊಟ್ಟಿದ್ವಿ ಅಂತ. ಕಸ್ತೂರಿ! ಕನ್ನಡದ ಜೊತೆ ಬಿಟ್ಟರೆ ಆ ಪದವನ್ನ ನಾನು ಬೇರೆಲ್ಲೂ ಇಷ್ಟು ಗಂಭೀರವಾಗಿ ಕೇಳಿರಲಿಲ್ಲ :) ನಗು ಬರುತ್ತೆ, ಆದರೆ ಗಮನಿಸಿ, ಇಬ್ಬರು ಸಿಕ್ಕ ಮೇಲೆ ನಿಲ್ಲಿಸದೆ ಎಲ್ಲರನ್ನೂ ನೋಡಿದ್ದರಿಂದ ಐದಾಯ್ತು. ಮುಂದಿನ ವಿಶ್ವಕಪ್ಪಿನಿಂದ ಆ ತಂಡವನ್ನ ಹೊರಗಿಟ್ಟರು. ಬಡ ದೇಶ, ಗೆಳೆಯರಿಲ್ಲದ ದೇಶ, ಹೆಂಗಸರ ತಂಡ. ಗಂಡಸರ ವಿಶ್ವಕಪ್ಪಿನಲ್ಲಿ ಕೊನೆಯದಾಗಿ ಸಿಕ್ಕಿಬಿದ್ದದ್ದು 1994ರ ಮರಡೋನಾ. ಆಮೇಲೆ ಅಲ್ಲಿ ಎಲ್ಲರೂ ಸಾಧುಗಳಾದರು ಅಂತ ನಂಬೋದಾದರೆ ನಂಬಿ.

ಇನ್ನೊಂದು ಅಂಕಿ ಹೇಳಿ ಮುಂದೆ ಹೋಗ್ತೀನಿ. 2008ರಿಂದ 2013ರವರೆಗೆ ಯೂರೋಪಿನ ದೊಡ್ಡ ಟೂರ್ನಿಗಳಲ್ಲಿ ಆಡಿದ 879 ಆಟಗಾರರ 4,195 ಮೂತ್ರದ ಸ್ಯಾಂಪಲ್ಲುಗಳನ್ನ ಯುಎಫಾ ಪರವಾಗಿ ಅಧ್ಯಯನ ಮಾಡಿದರು. ಶೇಕಡಾ 7.7ರಷ್ಟು ಆಟಗಾರರಲ್ಲಿ ಟೆಸ್ಟೋಸ್ಟೆರಾನ್ ಪ್ರಮಾಣ ಅಸಹಜ ಅಂತ ಬಂತು. ಇದು ಡೋಪಿಂಗಿಗೆ ಸಾಕ್ಷಿ ಅಲ್ಲ ಅಂತ ಯುಎಫಾ ಹೇಳಿತು. ನಿಜ, ಸಾಕ್ಷಿ ಅಲ್ಲ. ಕುಡಿತ, ಲ್ಯಾಬಿನ ವ್ಯತ್ಯಾಸ, ಏನು ಬೇಕಾದರೂ ಇರಬಹುದು. ಹಾಗಾದ್ರೆ ಆ ಆಟಗಾರರನ್ನ ಕರೆದು ಮತ್ತೊಮ್ಮೆ ನೋಡಬೇಕಲ್ವಾ? ನೋಡೋ ಹಾಗಿಲ್ಲ, ಸ್ಯಾಂಪಲ್ಲುಗಳಿಗೆ ಹೆಸರೇ ಇರಲಿಲ್ಲ. ಜ್ವರ ಇದೆ ಅಂತ ಗೊತ್ತಾಯ್ತು, ಯಾರಿಗೆ ಅಂತ ಬರೆದುಕೊಂಡಿಲ್ಲ.

ಈಗ ನೀವು, “ಹಾಗಾದ್ರೆ ಸಿಕ್ಕಿಬಿದ್ದವರೆಲ್ಲ ಕಳ್ಳರಾ?” ಅಂತ ಕೇಳ್ತೀರಿ. ಅಲ್ಲ. ಲಿವರ್‌ಪೂಲ್‌ನ ಮಮದು ಸಾಖೊ 2016ರಲ್ಲಿ ತೂಕ ಇಳಿಸೋ ಮಾತ್ರೆಯಿಂದ ಸಿಕ್ಕಿಬಿದ್ದರು. ಆ ಪದಾರ್ಥ ನಿಷೇಧದ ಪಟ್ಟಿಯಲ್ಲಿದೆ ಅಂತ ಹೇಳೋಕಾಗೋಲ್ಲ ಅಂತ ಯುಎಫಾ ಕೇಸು ಬಿಟ್ಟಿತು. ಅಷ್ಟರಲ್ಲಿ ಯೂರೋಪಾ ಲೀಗ್ ಫೈನಲ್ಲೂ ಹೋಯ್ತು, ತಮ್ಮ ದೇಶದಲ್ಲೇ ನಡೆದ ಯೂರೋ ಟೂರ್ನಿಯೂ ಹೋಯ್ತು. 2020ರಲ್ಲಿ ವಾಡಾ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುತ್ತಾ? 2011ರಲ್ಲಿ ಮೆಕ್ಸಿಕೊದ ಹದಿನೇಳರ ಒಳಗಿನವರ ವಿಶ್ವಕಪ್ಪಿನಲ್ಲಂತೂ 208 ಸ್ಯಾಂಪಲ್ಲಿನಲ್ಲಿ 109ರಲ್ಲಿ ಕ್ಲೆನ್‌ಬ್ಯುಟೆರಾಲ್ ಕಂಡಿತ್ತು. ದನಗಳಿಗೆ ಕೊಡೋ ಔಷಧ ಮಾಂಸದ ಮೂಲಕ ಆ ಮಕ್ಕಳ ಹೊಟ್ಟೆ ಸೇರಿತ್ತು. ಪೋಗ್ಬಾ ವಿಷಯವೂ ಇದೆ. 2023ರಲ್ಲಿ ಸಿಕ್ಕಿಬಿದ್ದರು, ನಾಲ್ಕು ವರ್ಷ ನಿಷೇಧ, ಬೇಕಂತ ತಗೊಂಡದ್ದಲ್ಲ ಅಂತ 2024ರಲ್ಲಿ ಅದು ಹದಿನೆಂಟು ತಿಂಗಳಿಗೆ ಇಳೀತು. ಇದನ್ನೆಲ್ಲ ನಾನು ಮುಚ್ಚಿಡ್ತಿಲ್ಲ. ಅರೆಬರೆ ಟೆಸ್ಟಿನಿಂದ ಕಳ್ಳ ತಪ್ಪಿಸಿಕೊಳ್ತಾನೆ, ಅಮಾಯಕ ಸಿಕ್ಕಿಬೀಳ್ತಾನೆ. ನೆಟ್ಟಗೆ ನೋಡಿ ಅಂತ ನಾನು ಬಡಕೊಳ್ಳೋದು ಅಮಾಯಕರಿಗೋಸ್ಕರವೂ ಹೌದು.

ಇಷ್ಟೆಲ್ಲ ಯೂರೋಪಿನ ಕಥೆ ನಮಗ್ಯಾಕೆ ಅಂದ್ರೆ, ಒಂದು ಹೋಲಿಕೆ ನನ್ನ ತಲೆಯಿಂದ ಹೋಗೋದೇ ಇಲ್ಲ.

ಅಶ್ವಿನಿ ಅಕ್ಕುಂಜಿ. ಕುಂದಾಪುರದ ಕಡೆಯ ಸಿದ್ದಾಪುರದ ಹುಡುಗಿ. 2010ರಲ್ಲಿ ಗ್ವಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ 400 ಮೀಟರ್ ಹರ್ಡಲ್ಸಿನಲ್ಲಿ ಚಿನ್ನ, ರಿಲೇಯಲ್ಲಿ ಇನ್ನೊಂದು ಚಿನ್ನ. ನಾನಾಗ ಹೈಸ್ಕೂಲಿನ ಹುಡುಗ, ಪೇಪರಿನ ಫೋಟೋ ಕತ್ತರಿಸಿ ಪಿ.ಟಿ. ಮೇಷ್ಟ್ರು ನೋಟೀಸ್ ಬೋರ್ಡಿಗೆ ಅಂಟಿಸಿದ್ದು ಚೆನ್ನಾಗಿ ನೆನಪಿದೆ. ಮರುವರ್ಷ ರಿಲೇ ತಂಡದ ಹುಡುಗಿಯರ ಜೊತೆ ಸ್ಟಿರಾಯ್ಡಿಗೆ ಸಿಕ್ಕಿಬಿದ್ದರು. ವಿದೇಶಿ ಕೋಚ್ ತಂದುಕೊಟ್ಟ ಜಿನ್ಸೆಂಗ್ ತಿಂದಿದ್ವಿ, ಅದರಲ್ಲಿತ್ತು ಅಂದರು. ಇಲ್ಲಿಯ ಸಮಿತಿ ಒಂದು ವರ್ಷ ನಿಷೇಧ ಹಾಕಿತು. ಸಾಲದು ಅಂತ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಾಲಯ 2012ರಲ್ಲಿ ಅದನ್ನ ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಹೋಯ್ತು. ಬಾಯಿಗೆ ಹಾಕಿಕೊಂಡದ್ದಕ್ಕೆ ನೀವೇ ಜವಾಬ್ದಾರರು ಅಂತ ನಿಯಮ, ಸರಿ. ನಾವೂ ಫೋಟೋ ಕಿತ್ತು ಹಾಕಿದ್ವಿ. ಮಾತಿಗೆ ಹೇಳ್ತಿಲ್ಲ, ನಿಜವಾಗ್ಲೂ ಆ ಬೋರ್ಡಿನಿಂದ ಫೋಟೋ ಹೋಯ್ತು.

ಈಗ 2001ಕ್ಕೆ ಹೋಗಿ. ನ್ಯಾಂಡ್ರೊಲೊನ್ ಅನ್ನೋ ಸ್ಟಿರಾಯ್ಡಿಗೆ ಸಿಕ್ಕಿಬಿದ್ದ ಫುಟ್‌ಬಾಲ್ ದಿಗ್ಗಜರು: ಎಡ್ಗರ್ ಡೇವಿಡ್ಸ್, ಯಾಪ್ ಸ್ಟಾಮ್, ಫ್ರಾಂಕ್ ಡಿ ಬೋರ್, ಪೆಪ್ ಗ್ವಾರ್ಡಿಯೊಲಾ. ಗ್ವಾರ್ಡಿಯೊಲಾ ಆಮೇಲೆ ಕೋರ್ಟಿನಲ್ಲಿ ಹೋರಾಡಿ ನಿರ್ದೋಷಿ ಅಂತ ತೀರ್ಪು ಪಡೆದರು, ಅದನ್ನ ಹೇಳಲೇಬೇಕು. ಆದರೆ ಇವರೆಲ್ಲ ಆಗ ಕೂತದ್ದು ಎಷ್ಟು ದಿನ? ನಾಲ್ಕು ತಿಂಗಳ ಆಸುಪಾಸು, ಡಿ ಬೋರ್ ಅದಕ್ಕೂ ಕಡಿಮೆ. ಸಪ್ಲಿಮೆಂಟಿನಲ್ಲಿತ್ತು ಅನ್ನೋ ಕಥೆ ಅಲ್ಲೂ ಬಂದಿತ್ತು. ಕಾಲ ಬೇರೆ, ನಿಯಮ ಬೇರೆ ಅಂತೀರಾ? ನಿಯಮ ಬೇರೆ ಇದ್ದದ್ದು ಯಾಕೆ ಅಂತಲೇ ನನ್ನ ಪ್ರಶ್ನೆ. ಎಲ್ಲ ಆಟಕ್ಕೂ ಒಂದೇ ಅಳತೆಯ ಎರಡು ವರ್ಷ ಅಂತ ವಾಡಾ ಹೊರಟಾಗ, ನಮ್ಮಲ್ಲಿ ಪ್ರತಿ ಕೇಸನ್ನೂ ಬೇರೆ ಬೇರೆಯಾಗಿ ನೋಡಬೇಕು ಅಂತ ಎಳೆದಾಡಿ 2004ರಲ್ಲಿ ಸಹಿ ಹಾಕಿದ್ದು ಫಿಫಾ. ಆಟಗಾರರು ದಿನಾ ಎಲ್ಲಿರ್ತೀವಿ ಅಂತ ತಿಳಿಸಬೇಕು, ಯಾವಾಗ ಬೇಕಾದರೂ ಬಂದು ಸ್ಯಾಂಪಲ್ ತಗೋಳ್ತೀವಿ ಅಂತ ನಿಯಮ ಬಂದಾಗ, ನಮಗೆ ಅದು ಒಗ್ಗೋಲ್ಲ ಅಂತ 2009ರಲ್ಲಿ ಎದ್ದು ನಿಂತದ್ದು ಫಿಫಾ, ಯುಎಫಾ ಎರಡೂ. ಮ್ಯಾಂಚೆಸ್ಟರ್ ಯುನೈಟೆಡ್ಡಿನ ರಿಯೋ ಫರ್ಡಿನಾಂಡ್ 2003ರಲ್ಲಿ ಟೆಸ್ಟ್ ಕೊಡೋದನ್ನೇ ಮರೆತು ಹೋದಾಗ ಎಂಟು ತಿಂಗಳು ನಿಷೇಧ ಆದದ್ದಕ್ಕೆ ಇಂಗ್ಲೆಂಡಿನಲ್ಲಿ ಎಂಥ ಗಲಾಟೆ. ನಮ್ಮ ಹಳ್ಳಿ ಹುಡುಗಿ ಮರೆತಿದ್ದರೆ?

ದುಡ್ಡಿರೋ ಆಟಕ್ಕೆ ಒಂದು ತಕ್ಕಡಿ, ಬರಿಗಾಲಲ್ಲಿ ಓಡೋರಿಗೆ ಇನ್ನೊಂದು. ಇದಕ್ಕೆ ನಾವು ನೋಡುಗರೂ ಪಾಲುದಾರರು. ಸೈಕಲ್ಲಿನವರ ಹೆಸರು ಬಂದಾಗ ‘ಗೊತ್ತಿತ್ತು ಬಿಡು’ ಅಂತೀವಿ, ನಮ್ಮ ಕ್ಲಬ್ಬಿನ ಹೆಸರು ಬಂದಾಗ ‘ಸಾಕ್ಷಿ ತೋರಿಸು’ ಅಂತೀವಿ.

ಒಲಿಂಪಿಕ್ಸಿನವರು ಬೀಜಿಂಗ್ 2008, ಲಂಡನ್ 2012ರ ಹಳೇ ಬಾಟಲಿಗಳನ್ನ ವರ್ಷಗಳಾದ ಮೇಲೆ ಫ್ರಿಜ್ಜಿನಿಂದ ತೆಗೆದು ಹೊಸ ಯಂತ್ರದಲ್ಲಿ ಮತ್ತೆ ನೋಡಿದರು. ಅವತ್ತು ಪಾಸಾಗಿದ್ದವರಲ್ಲಿ ನೂರಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು, ಎಷ್ಟೋ ಪದಕಗಳು ಕೈ ಬದಲಾದವು. ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಹೀಗೆ ಮರುಪರೀಕ್ಷೆಯಾಗಿ ಒಬ್ಬರ ಪದಕವೂ ವಾಪಸ್ ಹೋಗಿಲ್ಲ. ನಾನು ಕೇಳೋದು ಇಷ್ಟೇ. ಮ್ಯಾಚಿಲ್ಲದ ದಿನ ಹೇಳದೇ ಬಂದು ರಕ್ತ ತಗೊಳ್ಳಿ. ಲೀಗ್ ಆಡೋ ಪ್ರತಿಯೊಬ್ಬನಿಗೂ ಪಾಸ್‌ಪೋರ್ಟ್ ಇಡಿ. ಸ್ಯಾಂಪಲ್ಲಿಗೆ ಹೆಸರು ಬರೆದಿಟ್ಟು ಪೂರ್ತಿ ಹತ್ತು ವರ್ಷ ಕಾಪಾಡಿ. ಯಾವ ಲೀಗಿನಲ್ಲಿ ಎಷ್ಟು ಜನರನ್ನ, ಎಷ್ಟು ಸಲ, ಏನಕ್ಕೆ ನೋಡಿದ್ರಿ ಅಂತ ವರ್ಷಕ್ಕೊಮ್ಮೆ ಪ್ರಕಟಿಸಿ. ಒಬ್ಬ ಸ್ಟಾರ್ ಆಟಗಾರನ ಒಂದು ವಾರದ ಸಂಬಳದಲ್ಲಿ ಇದರಲ್ಲಿ ಎಷ್ಟು ಆಗುತ್ತೆ ಅಂತ ನೀವೇ ಲೆಕ್ಕ ಹಾಕಿ.

ಬಾರ್ಸಿಲೋನಾ ಫ್ಯಾನುಗಳು, ಯುವೆಂಟಸ್ ಫ್ಯಾನುಗಳು ಕಾಮೆಂಟಿನಲ್ಲಿ ಬೈಯೋದಿದ್ದರೆ ಧಾರಾಳವಾಗಿ ಬೈಯಿರಿ. ಆದರೆ “ಸಾಕ್ಷಿ ಎಲ್ಲಿ?” ಅಂತ ಬರೆಯೋ ಮುಂಚೆ ಮ್ಯಾಡ್ರಿಡ್‌ನ ಆ ಫ್ರಿಜ್ಜಿನ ಪ್ಯಾರಾ ಇನ್ನೊಂದು ಸಲ ಓದಿ.